ಕಡೇ ಅಧ್ಯಾಯದ ಅಪ್ಪುಗೆ

ಕ್ರೈಸ್ತ ಕಾದಂಬರಿ ಓದುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ಮೊದಲು ನಮ್ಮ ಚರ್ಚಿನ ಕಪಾಟಿನಲ್ಲಿದ್ದ ಅನುವಾದಗಳು, ಈಗ ಮೊಬೈಲಿನಲ್ಲಿ ಇಂಗ್ಲಿಷಿನವು. ಅವುಗಳಲ್ಲಿ ಮಾತು ಬಿಟ್ಟ ಅಕ್ಕ-ತಂಗಿಯರ ಕಥೆಗಳದ್ದೇ ಒಂದು ದೊಡ್ಡ ರಾಶಿ ಇದೆ. ಒಬ್ಬಳು ಊರು ಬಿಟ್ಟು ಹೋಗಿರುತ್ತಾಳೆ. ಇನ್ನೊಬ್ಬಳು ಮನೆಯಲ್ಲೇ ಉಳಿದಿರುತ್ತಾಳೆ. ತಾಯಿ ಹಾಸಿಗೆ ಹಿಡಿಯುತ್ತಾಳೆ. ಯಾವುದೋ ಹಳೇ ಪತ್ರ ಸಿಗುತ್ತದೆ. ಕಡೇ ಅಧ್ಯಾಯದಲ್ಲಿ ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ನಾನೂ ಅಳುತ್ತೇನೆ, ಸುಳ್ಳು ಯಾಕೆ ಹೇಳಲಿ.

ಹಾಸನದ ಕಡೆ ಇಂಥ ಕಾದಂಬರಿ ಯಾರಾದರೂ ಬರೆದರೆ ಆ ಅಪ್ಪುಗೆ ಶೆಟ್ಟಿಹಳ್ಳಿ ಚರ್ಚಿನಲ್ಲೇ ನಡೆಯುತ್ತದೆ, ಬರೆದಿಟ್ಟುಕೊಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಮಳೆಗಾಲದಲ್ಲಿ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುವುದು, ಮೇಲೆ ಸೂರಿಲ್ಲ. ಮಳೆ ಬೇರೆ ಸುರಿಸಿಬಿಟ್ಟರೆ ಮುಗೀತು.

ಆದರೆ ಪುಸ್ತಕ ಮುಗಿದ ಮೇಲೆ ನನಗೆ ಬೇರೆ ಪ್ರಶ್ನೆಗಳು ಏಳುತ್ತವೆ. ಆ ಮನೆ ಯಾರ ಹೆಸರಿಗಾಯ್ತು? ಆಸ್ಪತ್ರೆ ಬಿಲ್ ಯಾರು ಕಟ್ಟಿದರು? ತಾಯಿಯ ಬಟ್ಟೆ ಒಗೆದವರು ಯಾರು? ಕಥೆಗಾರರು ಈ ಲೆಕ್ಕದ ಹತ್ತಿರಕ್ಕೇ ಹೋಗುವುದಿಲ್ಲ. ದುಡ್ಡಿನ ಮಾತು ಬಂದರೆ ಕ್ಷಮೆ ಮೈಲಿಗೆ ಆಗುತ್ತದೆ ಅಂದುಕೊಂಡಿದ್ದಾರೋ ಏನೋ.

ಬೈಬಲಿಗೆ ಅಂಥ ಮಡಿ ಇಲ್ಲ. ಲೇಯಾ ಮತ್ತು ರಾಹೇಲಳನ್ನೇ ನೋಡಿ. ಅಪ್ಪ ಲಾಬಾನ ಯಾಕೋಬನಿಗೆ ತಂಗಿ ರಾಹೇಲಳನ್ನು ತೋರಿಸಿ ಅಕ್ಕ ಲೇಯಾಳನ್ನು ಮದುವೆ ಮಾಡಿಕೊಟ್ಟ. ಆಮೇಲೆ ತಂಗಿಯನ್ನೂ ಕೊಟ್ಟ. ಇಬ್ಬರಿಗೂ ಒಬ್ಬನೇ ಗಂಡ. ಒಂದು ಹಣ್ಣಿನ ವಿಷಯಕ್ಕೆ ಜಗಳ ಬಂದಾಗ ಲೇಯಾ, ನನ್ನ ಗಂಡನನ್ನು ಕಿತ್ತುಕೊಂಡಿದ್ದು ಸಾಲದಾ, ನನ್ನ ಮಗ ತಂದ ಹಣ್ಣೂ ಬೇಕಾ ಅಂತ ಕೇಳುತ್ತಾಳೆ. ಇವರಿಬ್ಬರೂ ಒಂದೇ ದನಿಯಲ್ಲಿ ಮಾತಾಡುವುದು ಒಂದೇ ಒಂದು ಕಡೆ, ಆದಿಕಾಂಡದ 31ನೇ ಅಧ್ಯಾಯದಲ್ಲಿ. ಏನಂತಾರೆ ಗೊತ್ತಾ? ಅಪ್ಪನ ಮನೆಯಲ್ಲಿ ನಮಗೆ ಇನ್ನೇನು ಪಾಲಿದೆ, ನಮ್ಮನ್ನು ಮಾರಿ ಆ ಹಣವನ್ನೂ ತಿಂದುಬಿಟ್ಟ ಅಂತಾರೆ. ಇಷ್ಟು ವರ್ಷದ ಹೊಟ್ಟೆಕಿಚ್ಚಿನ ನಡುವೆ ಅಕ್ಕ-ತಂಗಿಯನ್ನು ಒಂದು ಕಡೆ ನಿಲ್ಲಿಸಿದ್ದು ಪಾಲಿನ ವಿಷಯ. ಇವರು ಒಬ್ಬರನ್ನೊಬ್ಬರು ಕ್ಷಮಿಸಿದರು ಅಂತ ಎಲ್ಲೂ ಬರೆದಿಲ್ಲ. ಆದರೂ ಎಷ್ಟೋ ತಲೆಮಾರು ಕಳೆದ ಮೇಲೆ ರೂತಳ ಮದುವೆಯಲ್ಲಿ ಊರವರು, ಇಸ್ರಾಯೇಲಿನ ಮನೆ ಕಟ್ಟಿದ ರಾಹೇಲ್ ಮತ್ತು ಲೇಯಾಳ ಹಾಗೆ ಈ ಸೊಸೆ ಬಾಳಲಿ ಅಂತ ಹರಸುತ್ತಾರೆ. ತಂಗಿಯ ಹೆಸರು ಮೊದಲು, ಅಕ್ಕನದು ಆಮೇಲೆ. ಲೇಯಾಗೆ ಅದೂ ಬೇಜಾರಾಗುತ್ತಿತ್ತೇನೋ!

ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದ್ರೆ, ನಮ್ಮ ಅಮ್ಮ ಮತ್ತು ದೊಡ್ಡಮ್ಮ 9 ವರ್ಷ ಮಾತು ಬಿಟ್ಟಿದ್ದರು. ಅಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಅಕ್ಕನ ಹೆಸರು ಹಾಕ್ಬೇಡ, ಅವಳ ಸೊಸೆಯರೆಲ್ಲ ಫೇಸ್‌ಬುಕ್‌ನಲ್ಲೇ ಇರ್ತಾರೆ" ಅಂದರು.

ಅಜ್ಜಿ ಸಕಲೇಶಪುರದ ಹತ್ತಿರ ದೊಡ್ಡಮ್ಮನ ಜೊತೆ ಇದ್ದರು. ಕಡೆಯ 6 ವರ್ಷ ಹಾಸಿಗೆಯಲ್ಲೇ. ಅಮ್ಮ ಹಾಸನದಿಂದ ತಿಂಗಳಿಗೊಂದು ಭಾನುವಾರ ಹಣ್ಣು, ಹಾರ್ಲಿಕ್ಸ್ ಹಿಡಿದುಕೊಂಡು ಹೋಗಿ ಸಾಯಂಕಾಲದ ಬಸ್ಸಿಗೆ ವಾಪಸ್ ಬರುತ್ತಿದ್ದರು. ಅಜ್ಜಿ ವಿಲ್ ಬರೆಯದೇ ತೀರಿಕೊಂಡರು. ನಮ್ಮವರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಇಬ್ಬರೇ ಹೆಣ್ಣುಮಕ್ಕಳು, ಇಬ್ಬರಿಗೂ ಸಮಪಾಲು. ಅರ್ಧ ಎಕರೆ ಕಾಫಿ ಮಾರಿದರು, ಅಮ್ಮ ತಮ್ಮ ಅರ್ಧ ತೆಗೆದುಕೊಂಡರು. ಕಾನೂನಿನ ಪ್ರಕಾರ ಒಂದು ರೂಪಾಯಿ ಆಚೀಚೆ ಇಲ್ಲ. ಬೆಡ್‌ಪ್ಯಾನ್ ತೊಳೆದ ಲೆಕ್ಕ ಆ ಕಾಯ್ದೆಯಲ್ಲಿ ಬರುವುದಿಲ್ಲ ಅಷ್ಟೇ.

ಆ 9 ವರ್ಷದಲ್ಲಿ ಬುದ್ಧಿ ಹೇಳಲು ಬಂದವರೆಲ್ಲ ಹೋಗಿದ್ದು ದೊಡ್ಡಮ್ಮನ ಹತ್ತಿರ. ಏಳೆಪ್ಪತ್ತು ಸಾರಿ ಕ್ಷಮಿಸು ಅಂತ ಯೇಸು ಹೇಳಿದ್ದಾನೆ ಅಲ್ವಾ, ಬಿಟ್ಟುಬಿಡಿ ಅಂತ. ನನಗೆ ಸಿಟ್ಟು ಬರುವುದೇ ಇಲ್ಲಿ. ಕಾದಂಬರಿಗಳೂ ಹೀಗೆಯೇ, ಮನೆಯಲ್ಲಿ ಉಳಿದು ದುಡಿದವಳ ಮನಸ್ಸು ಮೊದಲು ಕರಗಬೇಕು. ಅವಳೇ ಕಲ್ಲು, ಅವಳೇ ಪ್ರಾರ್ಥನೆ ಮಾಡಬೇಕು. ಅದೇ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ತೆಗೆದು ನೋಡಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ರಾಜಿಗೆ ಹೋಗಬೇಕಾದವನು ಯಾರು? ಯಾರ ಮೇಲೆ ಒಡಹುಟ್ಟಿದವನಿಗೆ ದೂರು ಇದೆಯೋ ಅವನು. ಅಂದರೆ ನಮ್ಮ ಅಮ್ಮ. ಅಮ್ಮ ಪ್ರತಿ ಭಾನುವಾರ ಕಾಣಿಕೆ ಕವರ್ ಹಾಕುತ್ತಿದ್ದರು. ಆ ವಚನವನ್ನು ಯಾರೂ ಅವರಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಕಡೆಗೆ ಕಣ್ಣು ತೆರೆಸಿದ್ದು ಚರ್ಚಿನ ಪ್ರಸಂಗ ಅಲ್ಲ, ಬಾತ್‌ರೂಮ್. ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. 3 ತಿಂಗಳು ಹೋಮ್ ನರ್ಸ್ ಇಟ್ಟೆವು, ತಿಂಗಳಿಗೆ 22 ಸಾವಿರ. ಆ ಹುಡುಗಿ ಎರಡು ಗಂಟೆಗೊಮ್ಮೆ ಅಮ್ಮನನ್ನು ಮಗ್ಗುಲು ತಿರುಗಿಸುತ್ತಿದ್ದಳು, ರಾತ್ರಿಯೂ. ಒಂದು ದಿನ ಅಮ್ಮ ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ಏನೋ ಗುಣಿಸುತ್ತಾ ಕೂತಿದ್ದರು. 72 ತಿಂಗಳು ಅಂತ ಬರೆದದ್ದು ನನಗೆ ಕಂಡಿತು.

ನಡೆಯುವ ಹಾಗಾದ ಮೇಲೆ ನನ್ನನ್ನು ಕರೆದುಕೊಂಡು ಸಕಲೇಶಪುರಕ್ಕೆ ಹೊರಟರು. ದಾರಿಯುದ್ದಕ್ಕೂ ಮಾತಿಲ್ಲ. ದೊಡ್ಡಮ್ಮ ಬಾಗಿಲು ತೆಗೆದರು. ಅಪ್ಪುಗೆ ಇಲ್ಲ, ಅಳು ಇಲ್ಲ. "ಕೂತ್ಕೊ, ಆ ಕುರ್ಚಿ ಬೇಡ, ಕಾಲು ಅಲ್ಲಾಡುತ್ತೆ" ಅಂದರು. ಅಮ್ಮ ಕವರನ್ನು ಮೇಜಿನ ಮೇಲಿಟ್ಟು, "ಅಕ್ಕ, ಲೆಕ್ಕ ಹಾಕ್ದೆ. ಪೂರ್ತಿ ಕೊಡೋಕೆ ನನ್ ಕೈಲಿ ಆಗಲ್ಲ. ಎರಡು ಲಕ್ಷ ಇದೆ" ಅಂದರು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಟು ಎಣಿಸಿದರು. ಎರಡು ಸಲ. ಒಂದು ನೋಟು ವಾಪಸ್ ಚಾಚಿ, "ಐನೂರು ಜಾಸ್ತಿ ಇದೆ" ಅಂದರು.

ಆಮೇಲೆ ಕೇಳಿದರು, "ಅವ್ವನ ಬೆನ್ನಲ್ಲಿ ಹುಣ್ಣಾಗಿತ್ತು. ನಿಂಗೆ ಗೊತ್ತಿತ್ತಾ?"

ಅಮ್ಮನಿಗೆ ಗೊತ್ತಿರಲಿಲ್ಲ. ಅಲ್ಲಿಂದ ಶುರುವಾಯ್ತು. ಹುಣ್ಣು, ವಾಸನೆ, ಅಜ್ಜಿ ರಾತ್ರಿಯೆಲ್ಲ ಕೂಗುತ್ತಿದ್ದ ಹೆಸರು (ಅದು ಅಮ್ಮನ ಹೆಸರು!), ಕರೆಂಟ್ ಇಲ್ಲದ ಜುಲೈ ತಿಂಗಳು, ಒಣಗದ ಬಟ್ಟೆ. ದೊಡ್ಡಮ್ಮ ಸಾಯಂಕಾಲದ ತನಕ ಹೇಳಿದರು. ಅಮ್ಮ ಒಂದು ಸಲವೂ "ಆದ್ರೆ" ಅನ್ನಲಿಲ್ಲ. ನಮ್ಮಮ್ಮನನ್ನು ಬಲ್ಲವರಿಗೆ ಇದು ಎಂಥ ಪವಾಡ ಅಂತ ಗೊತ್ತಾಗುತ್ತದೆ. ಇಂಥ ಅಧ್ಯಾಯ ನಾನು ಯಾವ ಕಾದಂಬರಿಯಲ್ಲೂ ಓದಿಲ್ಲ. ಬರೆದರೆ ಬೋರ್ ಆಗುತ್ತದೆ ಅಂತ ಬಿಡುತ್ತಾರೋ ಗೊತ್ತಿಲ್ಲ.

ಈಗ ಇಬ್ಬರೂ ಹಾಲು-ಜೇನಿನ ಹಾಗೆ ಇದ್ದಾರೆ ಅಂದುಕೊಳ್ಳಬೇಡಿ. ಏಸಾವ ಓಡಿ ಬಂದು ತಮ್ಮ ಯಾಕೋಬನನ್ನು ತಬ್ಬಿಕೊಂಡು ಅತ್ತದ್ದನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದಿನದನ್ನು ಹೇಳುವುದು ಕಮ್ಮಿ. ಜೊತೆಗೇ ಹೋಗೋಣ ಬಾ ಅಂತ ಅಣ್ಣ ಕರೆದ. ನೀನು ಮುಂದೆ ಹೋಗು, ಮಕ್ಕಳು-ಮರಿ ಇವೆ, ಮೆಲ್ಲಗೆ ಬರ್ತೀನಿ ಅಂದ ತಮ್ಮ. ಅಣ್ಣ ಸೇಯೀರಿಗೆ ಹೋದ, ತಮ್ಮ ಸುಕ್ಕೋತಿಗೆ ಹೋಗಿ ಮನೆ ಕಟ್ಟಿಕೊಂಡ. ನಮ್ಮ ಮನೆಯಲ್ಲೂ ಹಾಗೇ. ಬಿಪಿ ಮಾತ್ರೆ ವಿಚಾರಕ್ಕೆ ಫೋನ್ ಮಾಡುತ್ತಾರೆ, ಎರಡು ನಿಮಿಷಕ್ಕೆ ಇಡುತ್ತಾರೆ. ಮದುವೆ ಮನೆಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಾರೆ.

ಕಳೆದ ಕ್ರಿಸ್ಮಸ್‌ಗೆ ದೊಡ್ಡಮ್ಮನ ಮನೆಯಿಂದ ರೋಸ್ ಕುಕ್ಕಿ ಡಬ್ಬಿ ಬಂತು, 9 ವರ್ಷದ ಮೇಲೆ. ಅಮ್ಮ ಒಂದು ಮುರಿದು ಬಾಯಿಗೆ ಹಾಕಿಕೊಂಡು, "ಎಣ್ಣೆ ಜಾಸ್ತಿ ಕುಡಿದಿದೆ" ಅಂದರು. ಆಮೇಲೆ ಅಷ್ಟನ್ನೂ ಅವರೇ ತಿಂದರು. ಡಬ್ಬಿ ಖಾಲಿ ಕಳಿಸಬಾರದು ಅಂತ ತೊಳೆದು ಇಟ್ಟಿದ್ದಾರೆ. ಏನು ತುಂಬುವುದು ಅಂತ ಇನ್ನೂ ಯೋಚನೆ ಮಾಡ್ತಾ ಇದ್ದಾರೆ. ಆಗಲೇ ಫೆಬ್ರವರಿ ಬಂತು.