ಹದಿನಾಲ್ಕು ಪಾಯಿಂಟ್ ಇದ್ದಿದ್ದು ಎಲ್ಲಿ ಹೋಯ್ತು?

ಇವತ್ತು ಬೆಳಗ್ಗೆ ಐದೂವರೆಗೇ ಎದ್ದು ಕೂತೆ. ಅಮೆರಿಕದಲ್ಲಿ ಆಗ ಸಂಜೆ ಏಳು. ನಾನು ಓದಿದ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಹಾಫ್‌ಟೈಮಿಗೆ 14 ಪಾಯಿಂಟ್ ಮುಂದಿತ್ತು. ಕಾಫಿ ಸೋಸಿಕೊಂಡು ಬರುವಷ್ಟರಲ್ಲಿ ಅದು ಎರಡಾಗಿತ್ತು! ಕೊನೆಗೆ ಒಂದೇ ಪಾಯಿಂಟಿನಿಂದ ಸೋಲು. ಅದೂ ಎರಡು ಫ್ರೀ ಥ್ರೋ ಹಾಳು ಮಾಡಿಕೊಂಡು. ಯಾರೂ ಅಡ್ಡ ಬರದ, ಹದಿನೈದು ಅಡಿ ದೂರದ ಎಸೆತ ಸ್ವಾಮಿ!

ಹೋದ ವಾರ ಗೆದ್ದಾಗ ಗೆಳೆಯರೆಲ್ಲ ಕೋಚ್‌ಗೆ ಪ್ರತಿಮೆ ಮಾಡಿಸಲು ಹೊರಟಿದ್ದರು. ಇವತ್ತು ಅದೇ ಬಾಯಲ್ಲಿ, ಮೊದಲು ಅವನನ್ನು ಮನೆಗೆ ಕಳಿಸಿ ಅನ್ನುತ್ತಾರೆ. ಆಟಗಾರರ ಹೆಸರು ಬಾಯಿಪಾಠ ಆಗುವಷ್ಟರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಕೊಡುವ ಪಟ್ಟಿ) ಹಿಡಿದು ಅರ್ಧ ತಂಡವೇ ಬೇರೆ ಕಾಲೇಜು ಸೇರಿರುತ್ತದೆ. ಮಾರ್ಚ್‌ನಲ್ಲಿ ನಡೆಯುವ ರಾಷ್ಟ್ರೀಯ ಕಾಲೇಜು ಟೂರ್ನಿಗೆ ಅರವತ್ತಕ್ಕೂ ಹೆಚ್ಚು ತಂಡ ತಗೋತಾರೆ. ಅದರಲ್ಲೂ ನಮಗೊಂದು ಜಾಗ ಇಲ್ವಾ?

"ಇದಕ್ಕೊಂದು ಅಲಾರಂ ಬೇರೆ ಕೇಡು" ಅಂದಳು ಹೆಂಡತಿ. ಶನಿವಾರದ ಮ್ಯಾಚ್ ಬೆಳಗಿನ ಜಾವ ಮೂರಕ್ಕಂತೆ.