ಹರೆಯದವರ ಹೃದಯದ ವಾಲ್ವ್: ರಿಪೇರಿ ಮಾಡೋದಾ, ಬದಲಿಸೋದಾ?

ಪರ: ರಿಪೇರಿಯೇ ಆಗಲಿ

ನನ್ನ ತಂಗಿಗೆ 19ನೇ ವಯಸ್ಸಿಗೇ ಲೋಹದ ವಾಲ್ವ್ ಹಾಕಿದರು. ಚಿಕ್ಕವಳಿದ್ದಾಗ ಗಂಟಲು ನೋವು ಬಂತು, ಕೆಲವು ವಾರ ಬಿಟ್ಟು ಕೀಲುಗಳು ಊದಿದವು. ಬೆಳೆಯೋ ಮಕ್ಕಳಿಗೆ ಇದೆಲ್ಲ ಇದ್ದದ್ದೇ ಅಂತ ಸುಮ್ನಿದ್ದೆವು. ಅದು ರುಮ್ಯಾಟಿಕ್ ಜ್ವರ, ಗಂಟಲಿನ ಸೋಂಕಿನ ಬೆನ್ನಿಗೆ ಬರೋದು. ಒಳಗೆ ಮೈಟ್ರಲ್ ವಾಲ್ವ್, ಅಂದರೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲನ್ನು, ಕೆಡಿಸಿತ್ತು.

ಈಗ ರಾತ್ರಿ ಅವಳ ಪಕ್ಕ ಮಲಗಿದರೆ ಎದೆಯ ಟಿಕ್ ಟಿಕ್ ಕೇಳುತ್ತದೆ. ಅದಕ್ಕೆ ಒಗ್ಗಿಕೊಂಡಿದ್ದೇವೆ. ಒಗ್ಗದೇ ಇರೋದು ರಕ್ತ ತೆಳು ಮಾಡೋ ಮಾತ್ರೆ, ವಾರ್ಫರಿನ್. ಜೀವ ಇರೋವರೆಗೂ ನುಂಗಬೇಕು, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಹೇಳೋ ಅಳತೆ ಐಎನ್‌ಆರ್ 2.5ರಿಂದ 3.5ರ ಒಳಗೇ ಇರಬೇಕು. ಮಳೆಗಾಲದಲ್ಲಿ ಪತ್ರೊಡೆ ಜಾಸ್ತಿ ತಿಂದರೆ ಅದು ಇಳಿಯುತ್ತದೆ, ಕೆಸುವಿನ ಸೊಪ್ಪಿನಲ್ಲಿರೋ ವಿಟಮಿನ್ ಕೆ ಈ ಮಾತ್ರೆಗೆ ಎದುರು. ತೋಟದಿಂದ ಮೂಡಿಗೆರೆಗೆ ಹೋಗಿ ರಕ್ತ ಕೊಟ್ಟು ಬರೋದಕ್ಕೆ ಒಂದು ದಿನದ ಕೂಲಿ ಹೋಯ್ತು. ಒಮ್ಮೆ ಕಳೆ ಕೊಚ್ಚುವಾಗ ಕತ್ತಿ ತಾಗಿ, ಒಂದು ಟವೆಲ್ ನೆಂದು ಇನ್ನೊಂದು ನೆಂದರೂ ರಕ್ತ ನಿಲ್ಲದೆ, ಸುರಿಯೋ ಮಳೆಯಲ್ಲಿ ಜೀಪಿಗೆ ಕಾಯುತ್ತಾ ನಿಂತಿದ್ದೆವು.

ಮದುವೆಯಾದ ಮೇಲೆ ಇನ್ನೊಂದು ಸಂಕಟ. ಬಸಿರಿನ ಮೊದಲ ತಿಂಗಳುಗಳಲ್ಲಿ ವಾರ್ಫರಿನ್ ಮಗುವಿಗೆ ಕೆಟ್ಟದ್ದು, ಸುಮ್ಮನೆ ನಿಲ್ಲಿಸಿದರೆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅವಳದೇ ವಾಲ್ವನ್ನು ಬಿಡಿಸಿ, ಹೊಲಿದು, ಉಂಗುರ ಹಾಕಿದ್ದರೆ ಸಾಮಾನ್ಯವಾಗಿ ಜೀವನಪೂರ್ತಿ ಈ ಮಾತ್ರೆ ಬೇಕಾಗೋದಿಲ್ಲ. ಮತ್ತೆ ಕೆಡುತ್ತೆ ಅಂತೀರಾ? ಕೆಟ್ಟಾಗ ನೋಡಿಕೊಳ್ಳೋಣ ಬಿಡಿ.

ವಿರೋಧ: ಬದಲಿಸಿಬಿಡಿ

ಬದಲಿಸೋದರ ಪರವಾಗಿ ವಾದಿಸೋಕೆ ಯಾರೂ ಸಿಗಲಿಲ್ಲ ಅಂತ ನನಗೆ ಹೇಳಿದರು, ಬರೀತಿದ್ದೇನೆ. ಹಾಸನದಲ್ಲಿ ಔಷಧಿ ಅಂಗಡಿ ನನ್ನದು. ಡಾಕ್ಟರ್ ಅಲ್ಲ.

ರಿಪೇರಿ ಅಂದ ತಕ್ಷಣ ಜನರಿಗೆ ಗ್ಯಾರೇಜು ನೆನಪಾಗುತ್ತೆ. ಈ ಕಾಯಿಲೆಯಲ್ಲಿ ವಾಲ್ವಿನ ಎಸಳು ದಪ್ಪಗಾಗಿ ಒಂದಕ್ಕೊಂದು ಅಂಟಿರುತ್ತವೆ, ಹಿಡಿದಿರೋ ಎಳೆಗಳು ಮೋಟಾಗಿರುತ್ತವೆ. ಅದಕ್ಕೆ ಎಷ್ಟು ಅಂತ ತೇಪೆ ಹಾಕ್ತೀರಿ? ಜ್ವರ ಮರುಕಳಿಸಿದರೆ ಹೊಲಿದದ್ದೂ ಕೆಡುತ್ತೆ, ಮತ್ತೆ ಎದೆ ತೆರೆಯಬೇಕು. ತಡೆಯೋಕೆ 3-4 ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಇದೆ, ಬದಲಿಸಿಕೊಂಡವರಿಗೂ ಅದು ತಪ್ಪಿದ್ದಲ್ಲ. ಆದರೆ ಲೋಹವನ್ನು ಜ್ವರ ತಿನ್ನೋದಿಲ್ಲ ಅಲ್ವಾ? ನನ್ನ ಅಂಗಡಿಗೆ ಬರೋ ಕಾಲೇಜು ಹುಡುಗ "ಸೂಜಿ ನೋಯುತ್ತೆ ಅಂಕಲ್, ಮುಂದಿನ ವಾರ ತಗೋತೀನಿ" ಅಂತಾನೆ. ಆ ಮುಂದಿನ ವಾರ ಇನ್ನೂ ಬಂದಿಲ್ಲ.

ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಮಾಡಿದ ನಮ್ಮ ದೇಶದ್ದೇ ವಾಲ್ವನ್ನು 1990ರಿಂದ ಹಾಕುತ್ತಿದ್ದಾರೆ. ಪತ್ರೊಡೆ ಸ್ವಲ್ಪ ಕಡಿಮೆ ತಿನ್ನಿ. ಬಸಿರಿನ ಮಾತಿಗೆ ನಾನು ಬರೋದಿಲ್ಲ, ನನ್ನ ಗಿರಾಕಿಗಳಲ್ಲಿ ಹುಡುಗರೇ ಜಾಸ್ತಿ. ನಿಮ್ಮ ಮಗಳಿಗೇ ಆಗಿದ್ದರೆ ಏನು ಮಾಡ್ತಿದ್ರಿ ಅಂತ ಮಾತ್ರ ಕೇಳಬೇಡಿ, ಬರೆಯೋಕೆ ಒಪ್ಪಿಕೊಳ್ಳೋವಾಗಲೇ ಹೇಳಿದ್ದೆ.