ಗನ್ ತೆಗೆಯುವ ಮುಂಚೆ ಕೈ ತಡೆಯಬೇಕು

"ಸೈನ್ಸ್ ಫಿಕ್ಷನ್ ಆಡ್ಬೇಕು, ಗನ್ ಜಾಸ್ತಿ ಇರ್ಬೇಕು, ಗುಂಡು ಬಿದ್ರೆ ನೋಯ್ಬೇಕು. ಯಾವ ರೂಲ್ಸ್ ತಗೊಳ್ಳೋದು?" ಟೇಬಲ್‌ಟಾಪ್ ಆರ್‌ಪಿಜಿ ಆಡಲು ಹೊಸದಾಗಿ ಗುಂಪು ಕಟ್ಟುವವರು ನನ್ನನ್ನು ಕೇಳುವುದು ಇದನ್ನೇ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟಿದ್ದೇನೆ. ಇವತ್ತು ಪೂರ್ತಿ ಬರೆಯುತ್ತೇನೆ.

ಟೇಬಲ್‌ಟಾಪ್ ಆರ್‌ಪಿಜಿ ಆಡಿ ಗೊತ್ತಿಲ್ಲದವರಿಗೆ ಒಂದು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಹೋಗುವ ಆಟ ಇದು. ಕಥೆ ನಡೆಸುವವರು ಜಿಎಂ. ಪಾತ್ರ ಮಾಡಹೊರಟದ್ದು ಆಯಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ.

ನಾವು ಮೊದಲು ಆಡಿದ್ದು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಐದನೇ ಆವೃತ್ತಿಯಲ್ಲಿ, ಜಿಎಂ ನಾನೇ. ಎಲ್ಲರಿಗೂ ಅದೇ ಬರುತ್ತಿತ್ತು, ಜಿಎಂ ಪುಸ್ತಕದಲ್ಲಿ ಗನ್‌ಗಳ ಪಟ್ಟಿಯೂ ಇತ್ತು. ಗಣಿ ನಿಲ್ದಾಣವೊಂದರ ಇಕ್ಕಟ್ಟಾದ ಕಾರಿಡಾರ್. ಆ ತುದಿಯಲ್ಲಿ ಆರು ಜನ ಕಾವಲುಗಾರರು, ಎಲ್ಲರ ಕೈಯಲ್ಲೂ ಆಟೋಮ್ಯಾಟಿಕ್ ರೈಫಲ್. ನಮ್ಮ ಗೆಳೆಯನದು ಹತ್ತನೇ ಲೆವೆಲ್ಲಿನ ಫೈಟರ್, ಹಿಟ್ ಪಾಯಿಂಟ್ (ಬೀಳುವ ಮುಂಚೆ ಎಷ್ಟು ಏಟು ತಡೆದುಕೊಳ್ಳಬಹುದು ಅನ್ನುವ ಲೆಕ್ಕ) 84. ಆ ರೈಫಲ್ಲಿನ ಡ್ಯಾಮೇಜ್ ಎಂಟು ಮುಖದ ಎರಡು ದಾಳ, ಅಂದರೆ ಸರಾಸರಿ 9. ಹೊಡೆಯುವವನ ಬೋನಸ್ ಸೇರಿಸಿದರೆ 11. ಅವನು ಮನಸ್ಸಲ್ಲೇ ಲೆಕ್ಕ ಹಾಕಿ, "ಏಳು ಗುಂಡು ತಡ್ಕೋಬಹುದು ಮಗಾ, ನಡೀರಿ" ಎಂದು ನೆಟ್ಟಗೆ ನಡೆದುಬಿಟ್ಟ.

ತಪ್ಪು ಅವನದೂ ಅಲ್ಲ, ಆಟದ್ದೂ ಅಲ್ಲ. ಡ್ರ್ಯಾಗನ್ ಎದುರು ನಿಲ್ಲುವ ವೀರನಿಗಾಗಿ ಮಾಡಿದ ರೂಲ್ಸ್ ಅದು. ಬೇರೆ ಕೆಲಸಕ್ಕೆ ಅದನ್ನು ಹಿಡಿದುಕೊಂಡು ಬಂದಿದ್ದು ನಾವು. ಆದರೆ ನನ್ನ ಕಥೆ ಅಲ್ಲೇ ಸತ್ತಿತ್ತು. ಆರು ರೈಫಲ್‌ಗಳ ಎದುರು ಯಾರಿಗೂ ಹೆದರಿಕೆಯೇ ಆಗಲಿಲ್ಲ ಅಂದರೆ ನಾನು ಮತ್ತೇನು ಹೇಳಿ ಹೆದರಿಸಲಿ?

ಅವತ್ತಿನಿಂದ ಯಾವ ರೂಲ್ಸ್ ಕೈಗೆ ಬಂದರೂ ಗನ್‌ಗಳ ಪಟ್ಟಿ ಎಷ್ಟು ಉದ್ದ ಅಂತ ನಾನು ನೋಡುವುದಿಲ್ಲ. ಮೊದಲ ಗುಂಡು ತಗುಲಿದ ಮೇಲೆ ಆ ಪಾತ್ರಕ್ಕೆ ಏನಾಗುತ್ತದೆ ಅನ್ನುವ ಪುಟವನ್ನು ಹುಡುಕಿ ಓದುತ್ತೇನೆ.

ಇದರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಟ್ರ್ಯಾವೆಲರ್. 1977ರಲ್ಲಿ ಬಂದ ಆಟ. ಅದರ ಹಳೆಯ ರೂಲ್ಸಿನಲ್ಲಿ ಪಾತ್ರ ಕಟ್ಟುವಾಗಲೇ, ಕಥೆ ಶುರುವಾಗುವ ಮುಂಚೆಯೇ, ನಿಮ್ಮ ಪಾತ್ರ ಸತ್ತುಹೋಗಬಹುದಿತ್ತು! ಅದರಲ್ಲಿ ಹಿಟ್ ಪಾಯಿಂಟ್ ಅಂತ ಬೇರೆ ಡಬ್ಬಿ ಇಲ್ಲ. ಏಟು ನೇರವಾಗಿ ನಿಮ್ಮ ಬಲ, ಚುರುಕು, ತಾಳಿಕೆಯ ಮೇಲೆ ಬೀಳುತ್ತದೆ. ಸಾಮಾನ್ಯ ಮನುಷ್ಯನಿಗೆ ಇವು ಒಂದೊಂದೂ 7ರ ಆಸುಪಾಸು. ರೈಫಲ್ಲಿನ ಏಟು ಆರು ಮುಖದ ಮೂರು ದಾಳ.

ನಮ್ಮ ಟೇಬಲ್ಲಿನಲ್ಲೇ ನಡೆದದ್ದು ಹೇಳುತ್ತೇನೆ. ಗೆಳತಿಯೊಬ್ಬಳ ಪಾತ್ರಕ್ಕೆ ತಾಳಿಕೆ 6, ಚುರುಕು 8. ಒಂದೇ ಗುಂಡು, ಡ್ಯಾಮೇಜ್ 11. ತಾಳಿಕೆ ಸೊನ್ನೆ ಆಯಿತು. ಉಳಿದ 5 ಚುರುಕಿನಿಂದ ಹೋಯಿತು, ಉಳಿದದ್ದು 3. ಅವಳು ಪೆನ್ಸಿಲ್ ತೆಗೆದುಕೊಂಡು ಹಾಳೆಯ ಮೇಲೆ 8 ಅಳಿಸಿ 3 ಬರೆದಳು. ಗುರಿ ಇಡುವುದೂ ಅದೇ ಚುರುಕಿನಿಂದ ಅಲ್ವಾ? ಹಾಗಾಗಿ ತಿರುಗಿ ಹೊಡೆಯೋಣ ಅಂದರೆ ಕೈ ನಡುಗುತ್ತಿದೆ ಅಂತ ರೂಲ್ಸೇ ಹೇಳುತ್ತದೆ. ನಾನು ಬಾಯಿಬಿಟ್ಟು ವರ್ಣಿಸಬೇಕಾಗಲಿಲ್ಲ. ಟೇಬಲ್ ಸುತ್ತ ಯಾರೂ ಒಂದು ನಿಮಿಷ ಮಾತಾಡಲಿಲ್ಲ. ಮುಂದಿನ ನಕ್ಷತ್ರಕ್ಕೆ ಜಂಪ್ ಮಾಡಲು ಒಂದು ವಾರ ಬೇಕು. ಆ ವಾರ ಹಡಗಿನಲ್ಲಿ ಅವಳ ಪಾಲಿನ ಕೆಲಸವನ್ನು ಯಾರು ಮಾಡುವುದು ಅನ್ನುವುದೇ ದೊಡ್ಡ ಜಗಳವಾಯಿತು. ನನಗೆ ಬೇಕಿದ್ದದ್ದು ಇಂಥ ಜಗಳವೇ.

ಇನ್ನೊಂದು ಕಾರಣ ಲಾ ಲೆವೆಲ್. ಟ್ರ್ಯಾವೆಲರ್‌ನಲ್ಲಿ ಪ್ರತಿ ಗ್ರಹಕ್ಕೂ ಕಾನೂನು ಎಷ್ಟು ಬಿಗಿ ಅಂತ ಒಂದು ಅಂಕಿ ಇರುತ್ತದೆ. 3 ಅಂದರೆ ಮಿಲಿಟರಿ ಆಯುಧ ತರುವಂತಿಲ್ಲ. 5 ಅಂದರೆ ಬಟ್ಟೆಯೊಳಗೆ ಬಚ್ಚಿಡುವ ಪಿಸ್ತೂಲೂ ಇಲ್ಲ. 6ಕ್ಕೆ ಹೋದರೆ ಶಾಟ್‌ಗನ್ ಬಿಟ್ಟು ಬೇರೆ ಬಂದೂಕು ಯಾವುದೂ ಇಲ್ಲ. ದುಡ್ಡು ಸುರಿದು ಕೊಂಡ ರೈಫಲ್ ಅರ್ಧ ಊರುಗಳಲ್ಲಿ ಹೆಗಲಿಗೇ ಏರುವುದಿಲ್ಲ. ಗನ್ ಜಾಸ್ತಿ ಇರುವ ಕಥೆಗೆ ಈ ಒಂದು ಅಂಕಿ ಹತ್ತು ಪುಟದ ಆಯುಧ ಪಟ್ಟಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಎಲ್ಲ ಬಗೆಯ ಕಥೆಗೂ ಒಂದೇ ರೂಲ್ಸ್ ಕೊಡುವ ಗರ್ಪ್ಸ್ ಯಾಕೆ ಬೇಡ ಅಂತ ಕೇಳುತ್ತೀರಿ. ಬೇಡ ಅನ್ನುವುದಿಲ್ಲ. ನೋವಿನ ಲೆಕ್ಕದಲ್ಲಿ ಅದು ಇನ್ನೂ ಕಟು. ಸಾಮಾನ್ಯ ಮನುಷ್ಯನಿಗೆ ಹಿಟ್ ಪಾಯಿಂಟ್ 10, ಅಸಾಲ್ಟ್ ರೈಫಲ್ಲಿನ ಒಂದು ಗುಂಡಿಗೆ ಐದು ದಾಳ. ಗುರಿ ಹಿಡಿಯುವುದು, ದೂರ, ಗನ್ ಹಿಂದಕ್ಕೆ ಒದೆಯುವುದು (ರಿಕಾಯಿಲ್), ಎಲ್ಲಕ್ಕೂ ಅಂಕಿ ಇದೆ. ಆದರೆ ಅದರಲ್ಲಿ ಒಂದು ಸರದಿ ಅಂದರೆ ಒಂದು ಸೆಕೆಂಡ್. ಹತ್ತು ಸೆಕೆಂಡಿನ ಗುಂಡಿನ ಕಾಳಗ ಮುಗಿಸಲು ನಮಗೆ ಇಡೀ ಸಂಜೆ ಬೇಕಾಯಿತು. ಮಿಲಿಟರಿ ಕಾರ್ಯಾಚರಣೆಯೇ ನಿಮ್ಮ ಕಥೆಯಾದರೆ, ರೂಲ್ಸನ್ನು ಪ್ರೀತಿಯಿಂದ ಓದುವ ಜನ ನಿಮ್ಮಲ್ಲಿದ್ದರೆ, ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಅದರ ಚಿಕ್ಕ ರೂಪ ಗರ್ಪ್ಸ್ ಲೈಟ್ ಪುಕ್ಕಟೆ ಸಿಗುತ್ತದೆ, ಮೊದಲು ಅದನ್ನು ಓದಿ ನೋಡಿ.

ಬೀದಿ ಜಗಳದ ರಕ್ತ ಬೇಕಿದ್ದರೆ ಸೈಬರ್‌ಪಂಕ್ 2020 ಅನ್ನುವ ಆಟ ಇದೆ. ಕೈಗೋ ಕಾಲಿಗೋ ಒಂದೇ ಏಟಿನಲ್ಲಿ 8ಕ್ಕಿಂತ ಹೆಚ್ಚು ಡ್ಯಾಮೇಜ್ ಆದರೆ ಆ ಅಂಗವೇ ಹೋಯಿತು. ಒಂದೆರಡು ಸಂಜೆಯಲ್ಲಿ ಮುಗಿಯುವ ಭಯದ ಕಥೆಗೆ 2019ರ ಏಲಿಯನ್ ಆಟ ಸಾಕು. ಅಲ್ಲಿ ಒತ್ತಡ ಏರಿದಷ್ಟೂ ದಾಳ ಜಾಸ್ತಿ ಸಿಗುತ್ತದೆ. ಗುಂಡು ಹಾರಿಸುವಾಗ ಆ ಒತ್ತಡದ ದಾಳದಲ್ಲಿ 1 ಬಿದ್ದರೆ ಗುಂಡು ಖಾಲಿ, ಜೊತೆಗೆ ದಿಗಿಲು. ಬಹಳ ಚೆನ್ನಾದ ಯೋಚನೆ, ಆದರೆ ವರ್ಷಗಟ್ಟಲೆ ನಡೆಯುವ ಕ್ಯಾಂಪೇನ್‌ಗೆ ನಾನು ಅದನ್ನು ಎಳೆಯುವುದಿಲ್ಲ.

ಪುಸ್ತಕ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಸ್ನೇಹಿತರೊಬ್ಬರನ್ನು ಕೂರಿಸಿಕೊಂಡು, ಒಂದು ಕೋಣೆ, ಇಬ್ಬರು ಮನುಷ್ಯರು, ಎರಡು ಪಿಸ್ತೂಲು ಅಂದುಕೊಂಡು ಒಂದು ಕಾಳಗ ಆಡಿ ನೋಡಿ. ಗಡಿಯಾರ ನೋಡಿಕೊಳ್ಳಿ. ಕಾಲು ಗಂಟೆ ದಾಟಿತಾ? ಸೋತವರು "ಇನ್ನೊಂದ್ಸಲ ಆದ್ರೆ ಮಾತಾಡಿ ಬಗೆಹರಿಸ್ಕೊಳ್ತಿದ್ದೆ" ಅಂದರಾ? ನಿಮಗೆ ಬೇಕಾದ ಉತ್ತರ ಅಲ್ಲೇ ಸಿಗುತ್ತದೆ.

ಕಳೆದ ಭಾನುವಾರ ನಮ್ಮವರು ಲಾ ಲೆವೆಲ್ 6ರ ಗ್ರಹವೊಂದರಲ್ಲಿ ಇಳಿದರು. ಕಾರಿಡಾರಿನಲ್ಲಿ ನೆಟ್ಟಗೆ ನಡೆದುಹೋಗಿದ್ದ ಆ ಗೆಳೆಯನೇ ಪಿಸ್ತೂಲನ್ನು ಹಡಗಿನ ಲಾಕರಿನಲ್ಲಿಟ್ಟು, ಬಾಗಿಲ ಹತ್ತಿರ ನಿಂತು ನನ್ನನ್ನು ಕೇಳಿದ: "ಈ ಊರಲ್ಲಿ ಡಾಕ್ಟರ್ ಎಲ್ಲಿದ್ದಾರೆ?"